ಗಿಣಿ ಮಗ್ಗುಲು, ಆನೆ ಮಗ್ಗುಲು

ಕಿರುಬೆರಳು ಮಾತ್ರ ನೆಟ್ಟಗಾಗಲಿಲ್ಲ.

ಕೆಂಪನಂಜಪ್ಪನನ್ನು ನಡುಮನೆಯ ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸಿದ್ದಾಗಿತ್ತು. ಕತ್ತು ವಾಲದಂತೆ ಹಣೆಯ ಮೇಲಂಚಿಗೆ ಬಿಳಿ ಪಟ್ಟಿ ಕಟ್ಟಿ ಗೋಡೆಯ ಮೊಳೆಗೆ ಬಿಗಿದದ್ದೂ ಆಗಿತ್ತು. ಇನ್ನು ಎಡಗೈ ಬಿಡಿಸಿ ಅಂಗೈ ಮೇಲೆ ಲಿಂಗ ಇಡಬೇಕು. ಮಿಕ್ಕ ಬೆರಳುಗಳು ಮಾತು ಕೇಳಿದವು. ಕಿರುಬೆರಳು ಕೊಕ್ಕೆಯಂತೆ ಒಳಕ್ಕೆ ಬಾಗಿಕೊಂಡೇ ಇತ್ತು. ಮಗ ಗುರುಪಾದಸ್ವಾಮಿ ಒತ್ತಿ ನೋಡಿದ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಮತ್ತೆ ಒತ್ತಿದ.

"ಬುಡ್ಲಾ ಅದ," ಎಂದ ಪುಟ್ಟಬಸಪ್ಪ. "ಬದುಕಿದ್ದಾಗ್ಲೇ ನೆಟ್ಟಗಾಗ್ನಿಲ್ಲ, ಈಗ ಆದದ? ಅದು ಕ್ಯಾಚ್ ಇಡ್ದ ಬೆಳ್ಳು."

ಪುಟ್ಟಬಸಪ್ಪ ಕೊಳ್ಳೇಗಾಲದ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಸತ್ತವನೂ ಅವನೂ ಹರೆಯದಲ್ಲಿ ಊರಿನ ಕ್ರಿಕೆಟ್ ತಂಡದಲ್ಲಿ ಒಟ್ಟಿಗೆ ಆಡಿದವರು. ಪುಟ್ಟಬಸಪ್ಪ ವಿಕೆಟ್ಟಿನ ಹಿಂದೆ, ಕೆಂಪನಂಜಪ್ಪ ದೂರದ ಬದುವಿನ ಹತ್ತಿರ. ಬೆಳಗಿನ ಜಾವ ಸುದ್ದಿ ತಿಳಿದಾಗಿನಿಂದ ಪುಟ್ಟಬಸಪ್ಪ ಅತ್ತಿರಲಿಲ್ಲ, ಕೂತಿರಲೂ ಇಲ್ಲ. ಒಳಗೆ ಬರುವುದು, ಗೋಡೆಗೆ ಒರಗಿದ ಗೆಳೆಯನನ್ನು ನೋಡುವುದು, ಬೀಡಿ ಹುಡುಕುತ್ತ ಹೊರಗೆ ಹೋಗುವುದು, ಇಷ್ಟೇ.

ಶಂಕರಮ್ಮನೂ ಕೂತಿರಲಿಲ್ಲ. ಗಂಡನ ಎದುರು ಕೂರಿಸಿದರೆ ತುಸು ಹೊತ್ತಿಗೇ ಎದ್ದು ಜಗಲಿಗೆ ಹೋಗಿ ಯಳಂದೂರಿನ ರಸ್ತೆ ತಿರುಗುವ ಮೂಲೆಯನ್ನು ನೋಡುತ್ತಿದ್ದಳು. ಪಕ್ಕದ ಮನೆಯ ಗುರುಸಿದ್ದಮ್ಮ ಸೆರಗು ಹಿಡಿದು ಎಳೆದು ತಂದು ಕೂರಿಸುತ್ತಿದ್ದಳು. ಮತ್ತೆ ಏಳುತ್ತಿದ್ದಳು. ನೋಡಿದವರು ಸಂಕಟಕ್ಕೆ ಹಾಗಾಡುತ್ತಾಳೆ ಅಂದುಕೊಂಡರು. ಸಂಕಟವೂ ಇತ್ತು. ಆದರೆ ಅವಳು ಕಾಯುತ್ತಿದ್ದುದು ಅಣ್ಣನಿಗಾಗಿ.

ಹೆಂಡತಿಯ ತವರಿನಿಂದ ಬಿಳಿ ಬಟ್ಟೆ ಬಂದು ಸತ್ತವನ ಹೆಗಲ ಮೇಲೆ ಬೀಳದೆ ಎತ್ತುವುದಿಲ್ಲ ಅನ್ನುವುದು ಅವರ ಕಡೆಯ ರೂಢಿ. ತವರು ದೂರವೇನಲ್ಲ. ಯಳಂದೂರಿಗೆ ಈಚೆಯ ಮಾಂಬಳ್ಳಿ. ಗಾಡಿ ಕಟ್ಟಿದರೆ ಉಂಡ ಅನ್ನ ಕರಗುವಷ್ಟರಲ್ಲಿ ಹೋಗಿಬರಬಹುದು. ಆಗಿನ್ನೂ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಮಾಂಬಳ್ಳಿ ಮೈಸೂರಿಗೆ, ನಡುವೆ ಗಡಿಯ ಗೇಟು. ಆದರೆ ಅಣ್ಣ ಗುರುಮಲ್ಲಪ್ಪ ವರ್ಷಗಳಿಂದ ಆ ಗೇಟು ದಾಟಿರಲಿಲ್ಲ. ಪಂದ್ಯದ ಮಡಕೆ ತನ್ನ ಕೈಗೆ ಬರುವ ತನಕ ಭಾವಮೈದುನನ ಹೊಸಿಲು ತುಳಿಯುವುದಿಲ್ಲ ಎಂದು ಆಣೆ ಇಟ್ಟಿದ್ದ. ಸೂರ್ಯ ಮೂಡುವ ಮೊದಲೇ ಅಂಗಡಿಯ ಆಳು ಮಹದೇವು ಸೈಕಲ್ ತುಳಿದುಕೊಂಡು ಸುದ್ದಿ ಹೇಳಲು ಹೋಗಿದ್ದ.

ಆ ಮಡಕೆ ಮನೆಯ ದೇವರ ಗೂಡಿನಲ್ಲಿತ್ತು. ಅಂಗೈಯಷ್ಟೆತ್ತರದ ಮಣ್ಣಿನ ಮಡಕೆ, ಕೆಂಪು ರೇಷ್ಮೆಯ ಚೀಲದೊಳಗೆ.

ಹೊತ್ತು ಏರುತ್ತಿದ್ದಂತೆ ಪುಟ್ಟಬಸಪ್ಪ ಅದರ ಮಾತನ್ನೇ ಎತ್ತಿದ. ಗದ್ದುಗೆಯ ಗುಂಡಿಯಲ್ಲಿ ಕೆಂಪನಂಜನ ಬಲಮಗ್ಗುಲಿಗೆ ಒಂದು ಸಣ್ಣ ಗೂಡು ತೋಡಿಸಿದ್ದೇನೆ, ಮಡಕೆ ಅವನ ಜೊತೆಗೇ ಹೋಗಲಿ, ಗೆದ್ದವನು ಅವನು, ಅಂದ. ಗುರುಪಾದಸ್ವಾಮಿಯೂ ತಲೆಯಾಡಿಸಿದ. ಮಾವ ಬರುವುದಾದರೆ ಅಪ್ಪನಿಗೋಸ್ಕರ ಬರಲಿ, ಮಡಕೆಗೋಸ್ಕರ ಬರುವವರು ಬರುವುದೇ ಬೇಡ, ಅಂದ.

ಶಂಕರಮ್ಮ ಎದ್ದು ಮತ್ತೆ ಜಗಲಿಗೆ ಹೋದಳು.

*

ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಕಾಡಿನ ಇಲಾಖೆಯ ಇಂಗ್ಲಿಷ್ ದೊರೆಯೊಬ್ಬ ಕೊಳ್ಳೇಗಾಲದಲ್ಲಿ ಕ್ಯಾಂಪು ಹೂಡಿದ್ದ. ಹಗಲೆಲ್ಲ ಹನೂರಿನ ಆಚೆ ಮರಗಳಿಗೆ ಸುತ್ತಿಗೆಯ ಮುದ್ರೆ ಹೊಡೆಸಿ, ಸಂಜೆ ಬಂಗಲೆಯಲ್ಲಿ ಒಬ್ಬನೇ ಕೂರಲಾರದೆ, ಪೇಟೆಬೀದಿಯ ಹುಡುಗರಿಗೆ ಕ್ರಿಕೆಟ್ ಕಲಿಸತೊಡಗಿದ. ಕೆಂಪನಂಜಪ್ಪನಿಗೆ ಹಿಡಿಯುವುದನ್ನು ಕಲಿಸಬೇಕಾಗಲಿಲ್ಲ. ಅವರದು ಬೆಲ್ಲ, ಹುಣಸೆಹಣ್ಣಿನ ಮಂಡಿ. ಹೂಗ್ಯಂ ಕಡೆಯಿಂದ ಹುಣಸೆ, ಯಳಂದೂರಿನ ಕಡೆಯಿಂದ ಬೆಲ್ಲ. ಗಾಡಿಯ ಮೇಲೆ ನಿಂತ ಆಳು ಅಚ್ಚುಬೆಲ್ಲವನ್ನು ಒಂದೊಂದಾಗಿ ಎಸೆಯುತ್ತಿದ್ದರೆ ಇವನು ಬಾಗಿಲಲ್ಲಿ ನಿಂತು, ಯಾರ ಜೊತೆಗೋ ಮಾತಾಡುತ್ತಲೇ, ಹಿಡಿದು ಒಳಗೆ ಜೋಡಿಸುತ್ತಿದ್ದ. ಬೆಲ್ಲ ಬಿದ್ದರೆ ಒಡೆಯುತ್ತದೆ. ಒಡೆದ ಬೆಲ್ಲಕ್ಕೆ ಬೆಲೆಯಿಲ್ಲ.

ತಂಗಿಯ ಮನೆಗೆ ಬಂದ ಗುರುಮಲ್ಲಪ್ಪ ಆಟ ನೋಡಿದ. ನೋಡಿದವನು ಊರಿಗೆ ಹೋಗಿ ಯಳಂದೂರು, ಮಾಂಬಳ್ಳಿಯ ಹುಡುಗರನ್ನು ಸೇರಿಸಿ ತನ್ನದೊಂದು ತಂಡ ಕಟ್ಟಿದ. ಮದ್ರಾಸಿಗೂ ಮೈಸೂರಿಗೂ ಪಂದ್ಯ ಅಂದಮೇಲೆ ಗೆದ್ದವರಿಗೊಂದು ಕಪ್ಪು ಬೇಡವೇ ಎಂದು ಭಾವಮೈದುನರಿಬ್ಬರೂ ದೊರೆಯನ್ನು ಕೇಳಿದರು. ದೊರೆ ನಕ್ಕು, ಲೋಕದ ಅತಿ ದೊಡ್ಡ ಕಪ್ಪು ಎಷ್ಟು ಚಿಕ್ಕದು ಗೊತ್ತೇ ಎಂದು ಒಂದು ಕತೆ ಹೇಳಿದನಂತೆ. ಆ ರಾತ್ರಿ ಊಟಕ್ಕೆ ಕೂತಾಗ ಕೆಂಪನಂಜಪ್ಪ ಅದನ್ನು ಅಮ್ಮನಿಗೂ ಹೆಂಡತಿಗೂ ಹೇಳಿದ. ಅವನ ತಾಯಿ ಕೆಂಪಾಜಮ್ಮ ಕತೆ ಅಂದರೆ ಕೈತುತ್ತು ಮರೆಯುವವಳು.

ಇಂಗ್ಲೆಂಡಿನವರು ಬಹಳ ವರ್ಷದ ಹಿಂದೆ, ಸಾವಿರದ ಎಂಟುನೂರ ಎಂಬತ್ತೆರಡನೇ ಇಸವಿಯಲ್ಲಿ, ತಮ್ಮ ಲಂಡನ್ನಿನಲ್ಲೇ ಆಸ್ಟ್ರೇಲಿಯದವರಿಗೆ ಸೋತರಂತೆ. ತಾವೇ ಕಲಿಸಿದ ಆಟದಲ್ಲಿ ತಾವೇ ಸೋತರು. ಊರಿನ ಪೇಪರಿನಲ್ಲಿ ಯಾರೋ ಕುಚೋದ್ಯಕ್ಕೆ ಸಾವಿನ ಸುದ್ದಿ ಹಾಕಿದರು: ಇಂಗ್ಲೆಂಡಿನ ಕ್ರಿಕೆಟ್ಟು ಸತ್ತಿದೆ, ಹೆಣ ಸುಟ್ಟು ಬೂದಿಯನ್ನು ಆಸ್ಟ್ರೇಲಿಯಕ್ಕೆ ಒಯ್ಯುತ್ತಾರೆ ಎಂದು.

"ಸತ್ತೋನ್ ಯಾರು?" ಎಂದಳು ಕೆಂಪಾಜಮ್ಮ.

"ಆಟ ಕಣವ್ವ."

"ಆಟ ಸತ್ತದ್ಲಾ?"

ಸೋತರೆ ಸಾಯುತ್ತದೆ ಎಂದು ಮಗ ಮುಂದುವರಿಸಿದ. ಆ ಬೂದಿ ತರುತ್ತೇನೆ ಎಂದು ಇಂಗ್ಲೆಂಡಿನ ನಾಯಕ ಹಡಗು ಹತ್ತಿ ಹೋದ. ಅಲ್ಲಿ ಗೆದ್ದ. ಅಲ್ಲಿನ ಹೆಂಗಸರು ಒಂದು ಪುಟ್ಟ ಮಣ್ಣಿನ ಮಡಕೆಯಲ್ಲಿ ಬೂದಿ ತುಂಬಿ, ತಗೋ ಎಂದು ಕೊಟ್ಟರು. ಮಡಕೆಗೆ ಒಂದು ಪದ್ಯದ ಚೀಟಿ ಅಂಟಿಸಿದರು, ಮಖಮಲ್ಲಿನ ಚೀಲ ಹೊಲಿದುಕೊಟ್ಟರು. ಆ ಮಡಕೆ ಇವತ್ತಿಗೂ ಅವನ ಮನೆಯಲ್ಲಿದೆ. ಆಮೇಲೆ ಯಾರೇ ಗೆಲ್ಲಲಿ, ಗೆದ್ದವರು ಬೂದಿ ಗೆದ್ದೆವು ಅನ್ನುತ್ತಾರೆ, ಮಡಕೆ ಮಾತ್ರ ಇದ್ದಲ್ಲೇ ಇರುತ್ತದೆ.

"ಬೂದಿ ಯಾತರದು?"

"ವಿಕೆಟ್ ಮ್ಯಾಲಿನ ಅಡ್ಡಕಡ್ಡಿದು ಅಂತರೆ. ಚೆಂಡಿಂದು ಅಂತ್ಲೂ ಅಂತರೆ. ಯಾರೋ ಎಂಗ್ಸಿನ ಮುಸುಕಿಂದು ಅಂತ್ಲೂ ಅಂತರೆ. ದೊರೆಗೂ ಸರ್ಯಾಗಿ ಗೊತ್ತಿಲ್ಲ."

ಯಾತರ ಬೂದಿ ಅಂತಲೇ ತಿಳಿಯದೆ ಮನೆಯಲ್ಲಿಟ್ಟುಕೊಂಡವರು ಎಂಥವರು ಎಂದು ಕೆಂಪಾಜಮ್ಮ ಬಹಳ ಹೊತ್ತು ಯೋಚಿಸಿದಳು. ಏಳು ಸಮುದ್ರದಾಚೆ ಗಿಣಿಯೊಳಗೆ ರಾಕ್ಷಸ ಪ್ರಾಣವಿಟ್ಟ ಕತೆ ಅವಳಿಗೆ ಗೊತ್ತಿತ್ತು. ಆಟದ ಪ್ರಾಣವನ್ನು ಮಡಕೆಯೊಳಗಿಟ್ಟದ್ದು ಹೊಸತು. ಕಡೆಗೆ ಅವಳು ಒಂದು ಮಾತು ಹೇಳಿದಳು.

"ನಮ್ ಪೈಕಿ ಸತ್ತೋರ್ನ ಸುಡದಿಲ್ಲ. ನಮ್ ಮನೇಲಿ ಬೂದಿ ಅಂದ್ರೆ ಇಬೂತಿ ಒಂದೆ. ನಿಮ್ ಕಡ್ಡಿನ ಸುಡದಾದ್ರೆ ಸವ್ದೆಲಿ ಸುಡ್ಬೇಡಿ. ನಮ್ ಕಪ್ಪು ಅಸೀನ ಬೆರಣಿ ಕೊಡ್ತೀನಿ, ಅದ್ರಲ್ಲಿ ಸುಡಿ. ಒಳಕ್ಕೆ ಬರದಾದ್ರೆ ಇಬೂತಿಯಾಗೇ ಬರ್ಲಿ."

ಹಾಗೇ ಆಯಿತು. ಮೊದಲ ಪಂದ್ಯದಲ್ಲಿ ಕೊಳ್ಳೇಗಾಲ ಸೋತಿತು. ಸೋತವರೆಲ್ಲ ಸೇರಿ ಅಡ್ಡಕಡ್ಡಿಯನ್ನು ಕಪ್ಪು ಹಸುವಿನ ಬೆರಣಿಯ ನಡುವೆ ಇಟ್ಟು ಸುಟ್ಟರು. ದೊರೆ ಮಣ್ಣಿನ ಮೇಲೆ ಕೋಲಿನಿಂದ ಆ ಮಡಕೆಯ ಚಿತ್ರ ಬರೆದು ತೋರಿಸಿದ್ದ: ಅಡಿಗೊಂದು ಪಾದ, ಮೇಲೆ ತುಂಬಿದ ಹೊಟ್ಟೆ, ಸಣ್ಣ ಕತ್ತು, ಅದಕ್ಕೊಂದು ಮುಚ್ಚಳ. ಕುಂಬಾರರ ದೊಡ್ಡಸಿದ್ದಯ್ಯ ಅದನ್ನು ನೋಡಿ, ಇದರಲ್ಲಿ ಒಂದು ಮುದ್ದೆಗೂ ಎಸರಿಡಲಾಗದು, ದೊರೆಯ ಮನೆಯಲ್ಲಿ ಇಷ್ಟೇ ಉಣ್ಣುತ್ತಾರಾ ಎಂದು ಕೇಳಿದ. ಆದರೂ ಮಾಡಿಕೊಟ್ಟ. ಶಿವಭಕ್ತರ ಮನೆಗೆ ಹೋಗುವ ವಸ್ತು ಅಂತ ಮುಚ್ಚಳದ ಮೇಲೆ ತಾನಾಗಿ ಒಂದು ಪುಟ್ಟ ಕಳಸವನ್ನೂ ಕೂರಿಸಿದ.

ಚೀಲ ಹೊಲಿದವಳು ಶಂಕರಮ್ಮ. ಮಗ್ಗದವರ ಮನೆಯಿಂದ ಕೆಂಪು ರೇಷ್ಮೆಯ ತುಂಡು ತಂದಳು. ಒಂದು ಮಗ್ಗುಲಿಗೆ ಕೊಳ್ಳೇಗಾಲದ್ದೆಂದು ಹಸಿರು ಗಿಣಿ, ಇನ್ನೊಂದು ಮಗ್ಗುಲಿಗೆ ಮೈಸೂರಿನದೆಂದು ಬಿಳಿ ಆನೆ. ಗೆದ್ದವರ ಮಗ್ಗುಲು ಹೊರಗೆ ಕಾಣುವಂತೆ ನೇತುಹಾಕಬೇಕು. ಯಾವ ಮಗ್ಗುಲನ್ನು ಚೆನ್ನಾಗಿ ಹೊಲಿದಿದ್ದಾಳೆ ಎಂದು ಗಂಡನೂ ಅಣ್ಣನೂ ಚೀಲ ತಿರುತಿರುಗಿಸಿ ನೋಡಿದರು. ಗೊತ್ತಾಗಲಿಲ್ಲ.

*

ಮಹದೇವು ಬಂದಾಗ ಬಿಸಿಲು ಜಗಲಿಯ ಅರ್ಧಕ್ಕೆ ಬಂದಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿದ, ಅದು ಬಿತ್ತು, ಎತ್ತಲಿಲ್ಲ. ಒಳಗಿದ್ದವರೆಲ್ಲ ಹೊರಗೆ ಬಂದರು. ಸತ್ತವನ ಬಳಿ ಪೂಜೆಗೆ ಅಣಿಮಾಡುತ್ತಿದ್ದ ಮಠದ ನಾಗಯ್ಯ ಒಬ್ಬನೇ ಉಳಿದ.

"ಸುದ್ದಿ ಏಳ್ದೆ ಅವ್ವ. ಕೊಟ್ಗೇಲಿದ್ರು. ಕೈಲಿದ್ದ ಉಲ್ಲ ಕೆಳಕ್ಕಾಕಿ ಅಂಗೇ ನಿಂತ್ಕಂಡ್ರು, ಬೋ ಒತ್ತು. ಆಮ್ಯಾಕೆ ಒಳಕ್ಕೋಗಿ ಬಟ್ಟೆ ತಂದ್ರು."

"ಬತ್ತವ್ರ?"

"ಗೇಟ್ ತಾವ ಬತ್ತವ್ರೆ. ಮಡ್ಕೆ ಗೇಟಿಗೆ ಬರ್ಲಿ, ನಾನೂ ಗೇಟಿಗೆ ಬತ್ತೀನಿ, ಅಂದ್ರು. ಬರ್ನಿಲ್ಲ ಅಂದ್ರೆ ಬಟ್ಟೆ ನಿನ್ ಕೈಲೇ ಕೊಟ್ ಕಳುಸ್ತೀನಿ ಅಂದ್ರು."

ಪುಟ್ಟಬಸಪ್ಪ ಕ್ಯಾಕರಿಸಿ ಉಗುಳಿದ. ಹೆಣ ಕೂತಿರುವಾಗ ಚೌಕಾಸಿಗೆ ನಿಲ್ಲುವುದು ಮಾಂಬಳ್ಳಿಯವರಿಗೇ ಸರಿ ಎಂದ. ಗುರುಪಾದಸ್ವಾಮಿ ಬಟ್ಟೆಯೂ ಬೇಡ ಎಂದ, ಪೇಟೆಬೀದಿಯಲ್ಲಿ ಬಟ್ಟೆಗೆ ಬರವೇ ಎಂದ. ಇಬ್ಬರ ದನಿಯೂ ಏರಿತು. ಬೀದಿಯಲ್ಲಿ ಹೋಗುವವರು ನಿಂತರು. ಶಂಕರಮ್ಮ ಬಿದ್ದ ಸೈಕಲ್ಲಿನ ಚಕ್ರ ಇನ್ನೂ ತಿರುಗುತ್ತಿರುವುದನ್ನು ನೋಡುತ್ತ ನಿಂತಿದ್ದಳು.

*

ಆಗೆಲ್ಲ ಮಡಕೆ ಅವಳ ಜೊತೆಗೇ ಓಡಾಡುತ್ತಿತ್ತು. ಲಂಡನ್ನಿನದು ಕದಲದ ಮಡಕೆ, ನಮ್ಮದು ಕದಲುವ ಮಡಕೆ ಎಂದು ಮೊದಲೇ ಮಾತಾಗಿತ್ತು. ಸುಗ್ಗಿ ಮುಗಿದ ಮೇಲೆ ಪಂದ್ಯ. ಮಾಂಬಳ್ಳಿ ಗೆದ್ದರೆ, ಮುಂದಿನ ಗೌರಿ ಹಬ್ಬಕ್ಕೆ ತವರಿಗೆ ಹೋಗುವಾಗ ಅವಳೇ ಒಯ್ಯುತ್ತಿದ್ದಳು. ಕೊಳ್ಳೇಗಾಲ ಗೆದ್ದರೆ, ತವರಿನ ಬಾಗಿನದ ಜೊತೆ ವಾಪಸು ತರುತ್ತಿದ್ದಳು. ಗಡಿಯಲ್ಲಿ ಸುಂಕದವನು ಗಾಡಿಯೊಳಗೆ ಇಣುಕಿ, ಚೀಲದಲ್ಲೇನಮ್ಮ ಎಂದು ಕೇಳುತ್ತಿದ್ದ. ಬೂದಿ ಎಂದರೆ ನಂಬುತ್ತಿರಲಿಲ್ಲ. ಮುಚ್ಚಳ ತೆಗೆದು ತೋರಿಸಿದರೆ ಕೈಮುಗಿದು ಹಣೆಗೆ ಒಂದಿಷ್ಟು ಹಚ್ಚಿಕೊಂಡು ಬಿಡುತ್ತಿದ್ದ. ಬೂದಿ ಹೀಗೂ ಕಡಿಮೆಯಾಗುತ್ತದೆ ಎಂದು ಅವಳು ಗಂಡನಿಗೆ ಹೇಳಿರಲಿಲ್ಲ.

ಕೊನೆಯ ಪಂದ್ಯ ನಡೆದದ್ದು ಗಡಿಗಲ್ಲಿನ ಪಕ್ಕದ ಬಯಲಿನಲ್ಲಿ. ಒಂದು ಕಡೆಯ ಬೌಂಡರಿಗೆ ಸುಣ್ಣದ ಗೆರೆ ಹಾಕದೆ, ಗಡಿಗಲ್ಲೇ ಗೆರೆ ಎಂದು ಒಪ್ಪಿಕೊಂಡಿದ್ದರು. ಗುರುಮಲ್ಲಪ್ಪ ಆಡುತ್ತಿದ್ದ, ಒಂದು ದೊಡ್ಡ ಹೊಡೆತ ಬಿದ್ದರೆ ಮೈಸೂರು ಗೆಲ್ಲುತ್ತಿತ್ತು. ಹೊಡೆದ. ಚೆಂಡು ಬಿಸಿಲಿಗೇರಿ ಕಾಣದಾಯಿತು. ಕೆಂಪನಂಜಪ್ಪ ಮುಖ ಮೇಲೆತ್ತಿ ಹಿಂದಕ್ಕೆ ಹಿಂದಕ್ಕೆ ಓಡಿದ, ಎಡಗೈ ಚಾಚಿದ, ಚೆಂಡು ಕಿರುಬೆರಳನ್ನು ಮುರಿದು ಅಂಗೈಯಲ್ಲಿ ನಿಂತಿತು. ಅವನು ನಿಂತದ್ದು ಗಡಿಗಲ್ಲನ್ನು ತಬ್ಬಿಕೊಂಡು. ಒಂದು ಕಾಲು ಮದ್ರಾಸಿನಲ್ಲಿತ್ತು. ಇನ್ನೊಂದು ಎಲ್ಲಿತ್ತು ಅನ್ನುವುದನ್ನು ಯಾರೂ ಸರಿಯಾಗಿ ನೋಡಲಿಲ್ಲ. ತೀರ್ಪು ಕೊಡಬೇಕಾದ ಮೇಷ್ಟ್ರು ಆಗತಾನೇ ಬಯಲಿಗೆ ನುಗ್ಗಿದ ಎಮ್ಮೆಯನ್ನು ಓಡಿಸುತ್ತಿದ್ದರು.

ನೀನು ಹಿಡಿದದ್ದು ಮೈಸೂರಿನಲ್ಲಿ, ಎಂದ ಗುರುಮಲ್ಲಪ್ಪ. ಹಿಡಿದದ್ದು ನನ್ನ ಕೈಯಲ್ಲಿ, ಎಂದ ಕೆಂಪನಂಜಪ್ಪ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಲಂಡನ್ನಿನ ಮಡಕೆ ಯಾರು ಗೆದ್ದರೂ ಕದಲುವುದಿಲ್ಲ, ಇನ್ನು ಇದೂ ಕದಲುವುದಿಲ್ಲ ಎಂದು ಕೆಂಪನಂಜಪ್ಪ; ಹಾಗಾದರೆ ನಾನೂ ಕದಲುವುದಿಲ್ಲ ಎಂದು ಗುರುಮಲ್ಲಪ್ಪ. ಮಡಕೆ ಗೂಡಿನಲ್ಲಿ ನಿಂತಿತು, ಗಿಣಿಯ ಮಗ್ಗುಲು ಹೊರಗಾಗಿ. ಮಡಕೆ ನಿಂತ ಮೇಲೆ ಗೌರಿ ಹಬ್ಬದ ಗಾಡಿಯೂ ನಿಂತಿತು. ತಾಯಿ ಸತ್ತಾಗ ಶಂಕರಮ್ಮ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಅಣ್ಣ ಕಾಲಿಗೆ ನೀರು ಕೊಟ್ಟ. ಭಾವ ಹೇಗಿದ್ದಾರೆ ಎಂದು ಕೇಳಲಿಲ್ಲ.

ಕೆಂಪನಂಜಪ್ಪನೂ ಆ ಹೆಸರು ಎತ್ತುತ್ತಿರಲಿಲ್ಲ. ಬೆಲ್ಲ ಕೊಳ್ಳಲು ಯಳಂದೂರಿಗೆ ಹೋಗುವುದು ಬಿಟ್ಟ. ಅಂಗಡಿಗೆ ಬೆಲ್ಲ ಬಂದಾಗ ಸೊಟ್ಟ ಬೆರಳಿನಲ್ಲೇ ಹಿಡಿದು ಜೋಡಿಸುತ್ತಿದ್ದ. ಒಂದೇ ಒಂದು ಸಲ, ಹೋದ ವರ್ಷ, ಸಂಜೆ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದವನು, ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವವನಂತೆ, ಏಟು ಮಾತ್ರ ಭಾರಿ ಏಟು ಅಂದ. ಯಾವ ಏಟು ಎಂದು ಅವಳು ಕೇಳಲಿಲ್ಲ. ಅವನು ಸಿಪ್ಪೆ ಊದಿ ಇನ್ನೊಂದು ಕಾಯಿ ತಗೊಂಡ.

*

"ಸಾಕು ಸುಮ್ನಿರಿ," ಎಂದಳು ಶಂಕರಮ್ಮ. ಮಗನನ್ನೂ ಪುಟ್ಟಬಸಪ್ಪನನ್ನೂ ದಾಟಿ ಆಳಿನ ಕಡೆ ಬಂದಳು. "ಮಾದೇವು, ಸೈಕಲ್ ಎತ್ತು. ಮಡ್ಕೆ ಕೊಡ್ತೀನಿ, ತಕಂಡೋಗು."

ಅವ್ವ ಎಂದು ಮಗ ಏನೋ ಹೇಳಲು ಹೋದ. ಅವಳು ಆಗಲೇ ಒಳಗೆ ನಡೆದಿದ್ದಳು. ದೇವರ ಗೂಡಿನ ಮುಂದೆ ನಿಂತು ಕೈ ಚಾಚಿದಳು. ಚೀಲ ನೆಲದ ಮೇಲಿತ್ತು, ಒಳಗೆ ಏನೂ ಇಲ್ಲದೆ ಜೋತುಬಿದ್ದು.

ಹಿಂದೆ ತಿರುಗಿದಳು. ಗೋಡೆಗೆ ಒರಗಿ ಕೂತಿದ್ದ ಗಂಡ ಬೆಳ್ಳಗಾಗಿದ್ದ. ಹಣೆಯ ಮೇಲೆ ದಪ್ಪ ಮೂರು ಗೆರೆ, ತೋಳುಗಳ ಮೇಲೆ, ಎದೆಯ ಮೇಲೆ, ಸೊಟ್ಟ ಬೆರಳಿನ ಗೆಣ್ಣಿನ ಮೇಲೂ. ನಾಗಯ್ಯ ತಾಮ್ರದ ಚೊಂಬಿನಲ್ಲಿ ಕೈ ತೊಳೆದುಕೊಳ್ಳುತ್ತಿದ್ದ. ಅವನ ಮಗ್ಗುಲಲ್ಲಿ ಪುಟ್ಟ ಮಡಕೆ ಬಾಯಿ ತೆರೆದು ಮಲಗಿತ್ತು. ಮುಚ್ಚಳದ ಕಳಸ ಬಿಲ್ವಪತ್ರೆಯ ತಟ್ಟೆಯೊಳಗೆ ಉರುಳಿತ್ತು.

ಹಿಂದೆಯೇ ಬಂದ ಪುಟ್ಟಬಸಪ್ಪ ಬಾಗಿಲಲ್ಲೇ ನಿಂತುಬಿಟ್ಟ. "ಅಯ್ಯಾ, ಏನ್ ಮಾಡುದ್ರಿ?"

ನಾಗಯ್ಯನಿಗೆ ತಪ್ಪೇನೆಂದು ತಿಳಿಯಲಿಲ್ಲ. ವಿಭೂತಿ ಗಟ್ಟಿಗಳನ್ನೆಲ್ಲ ಗುಂಡಿಯ ಹತ್ತಿರ ಕಳಿಸಿದ್ದಾರೆ, ತಟ್ಟೆಯಲ್ಲಿದ್ದದ್ದು ಕಾಲಿಗೂ ಸಾಲಲಿಲ್ಲ, ಕೂಗಿದರೆ ಯಾರೂ ಒಳಗಿಲ್ಲ, ಎಂದ.

"ಗೂಡ್ನಲ್ಲಿ ಕೈ ಆಕ್ದೆ, ಸಿಕ್ತು. ದೇವ್ರು ಗೂಡ್ನಲ್ಲಿರದು ಇಬೂತಿ ಅಲ್ದೆ ಇನ್ನೇನಪ್ಪ? ಮೂಸಿ ನೋಡ್ದೆ, ಬೆರಣಿದೆಯ. ಬೋ ನಯವಾಗದೆ, ಈಗ ಇಂಥದ್ದು ಸಿಕ್ಕದಿಲ್ಲ."

ಗುರುಪಾದಸ್ವಾಮಿ ಬಾಗಿ ಮಡಕೆಯನ್ನು ಎತ್ತಿ ಅಂಗೈ ಮೇಲೆ ಬೋರಲು ಹಾಕಿ ತಟ್ಟಿದ. ಒಂದು ಕಾಳಿನಷ್ಟೂ ಉದುರಲಿಲ್ಲ. ಪುಟ್ಟಬಸಪ್ಪ ಗೆಳೆಯನ ಮುಖವನ್ನು ನೋಡಿದ, ನೋಡಿದ. ಅವನ ಗಂಟಲಿನಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು. ಬೆಳಗಿನಿಂದ ಮೊದಲ ಸಲ ಅವನು ನೆಲದ ಮೇಲೆ ಕೂತ.

"ಒಂಟೋದ ನೋಡು," ಎಂದ. "ಯಾರ್ಗೂ ಬುಡ್ದಂಗೆ ಎಲ್ಲಾನೂ ಬಳ್ಕಂಡು ಒಂಟೋದ."

ಶಂಕರಮ್ಮ ಮಡಕೆಯನ್ನು ಮಗನ ಕೈಯಿಂದ ತಗೊಂಡಳು. ಮುಚ್ಚಳ ಮುಚ್ಚಿ ಚೀಲದೊಳಗೆ ಇಳಿಸಿ ದಾರ ಎಳೆದಳು. ಒಂದು ಗಳಿಗೆ ತಡೆದು, ಚೀಲವನ್ನು ತಿರುಗಿಸಿ ಹಿಡಿದಳು. ಆನೆಯ ಮಗ್ಗುಲು ಹೊರಗಾಯಿತು. ಕತ್ತಲ ಕಡೆಗೇ ಇದ್ದುದರಿಂದ ಆನೆಯ ಬಿಳಿ ಇನ್ನೂ ಹೊಸದಾಗಿತ್ತು. ಗಿಣಿ ಹೊಗೆಗೆ ಕಪ್ಪಾಗಿತ್ತು. ಮಹದೇವುವಿನ ಕೈಗೆ ಅದನ್ನು ಕೊಟ್ಟು, ಏನು ಹೇಳಬೇಕೆಂದು ಎರಡು ಸಲ ಹೇಳಿ, ಅವನ ಬಾಯಿಂದ ಒಂದು ಸಲ ಹೇಳಿಸಿದಳು.

"ಮಡ್ಕೆ ಬಂದದೆ, ಬೂದಿ ಬಂದಿಲ್ಲ. ಬೂದಿ ಬೇಕಾದ್ರೆ ನೀವೇ ಬಂದು ನೋಡ್ಬೇಕಂತೆ."

*

ಆಮೇಲಿನ ಹೊತ್ತು ಸಾಗಲೇ ಇಲ್ಲ. ಹೆಣ ಹೊರುವ ವಿಮಾನ ಕಟ್ಟುವವರು ಬಿದಿರು ಕಟ್ಟಿ, ಬಾಳೆಕಂದು ನಿಲ್ಲಿಸಿ, ಹೂವಿನ ಸರ ಇಳಿಬಿಟ್ಟು ಮುಗಿಸಿದರು. ಭಜನೆಯವರು ತಾಳ ಹಿಡಿದು ಕೂತರು, ಎದ್ದರು. ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು ಎಂದು ನಾಗಯ್ಯ ಮೆಲ್ಲಗೆ ಜ್ಞಾಪಿಸಿದ. ಗುರುಪಾದಸ್ವಾಮಿ ಹೊರಗೆ ಹೋಗಿ ಬಂದ. ಪುಟ್ಟಬಸಪ್ಪ ಹೊರಗೆ ಹೋಗಿ ಬಂದ. ಜಗಲಿಗೆ ಹೋಗುವುದನ್ನು ಶಂಕರಮ್ಮ ಮಾತ್ರ ಬಿಟ್ಟಿದ್ದಳು. ಗಂಡನ ಎದುರು ಕೂತು, ಅವನ ಮೈಮೇಲೆ ನೊಣ ಕೂತರೆ ಅದನ್ನು ಬಟ್ಟೆಯಿಂದ ಓಡಿಸುತ್ತಿರಲಿಲ್ಲ. ಗಾಳಿಗೆ ಬೂದಿ ಉದುರೀತೆಂದು, ಬೆರಳ ತುದಿಯಿಂದ ಹೋಗು ಹೋಗು ಎನ್ನುತ್ತಿದ್ದಳು.

ಎತ್ತಿನ ಕೊರಳ ಗಂಟೆ ಬೀದಿಯ ಕೊನೆಯಲ್ಲಿ ಕೇಳಿದಾಗ ಅವಳು ತಲೆ ಎತ್ತಲಿಲ್ಲ. ಗಾಡಿ ಬಂದು ನಿಂತಿತು.

ಗುರುಮಲ್ಲಪ್ಪ ಹೊಸಿಲಿನ ಆಚೆ ನಿಂತಿದ್ದ. ಕರಿಯ ಕೋಟು, ಕಂಕುಳಲ್ಲಿ ಮಡಿಸಿದ ಬಿಳಿ ಬಟ್ಟೆ, ಕೈಯಲ್ಲಿ ಕೆಂಪು ಚೀಲ. ಕೂದಲೆಲ್ಲ ನೆರೆತಿತ್ತು. ಅವನು ಒಳಗಿನ ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳುತ್ತಿದ್ದ.

"ಮಡ್ಕೆ ಬರಿದು," ಎಂದ. "ಬೂದಿ ಎಲ್ಲದೆ ಶಂಕ್ರಿ?"

"ಅಲ್ ಕುಂತವ್ರೆ ನೋಡಣ್ಣ."

ಅವನು ಹೊಸಿಲನ್ನು ನೋಡಿದ. ಆಮೇಲೆ ದಾಟಿದ. ಚಪ್ಪಲಿ ಬಿಡುವುದನ್ನು ಮರೆತು ಒಂದು ಹೆಜ್ಜೆ ಇಟ್ಟು, ಹಿಂದಕ್ಕೆ ಹೋಗಿ ಬಿಟ್ಟು, ಮತ್ತೆ ದಾಟಿದ. ಭಾವಮೈದುನನ ಎದುರು ನಿಂತ. ನಾಗಯ್ಯ ಮಾಡಿದ್ದನ್ನು ಮಹದೇವು ದಾರಿಯಲ್ಲಿ ಹೇಳಿದ್ದಿರಬೇಕು, ಹೊಸಿಲಲ್ಲಿ ಕೇಳಿದ್ದು ಬರೀ ಬಾಯಿಮಾತು. ಅವನು ಹಣೆಯ ಮೂರು ಗೆರೆಗಳನ್ನು, ತೋಳುಗಳನ್ನು, ಎಡಗೈಯ ಸೊಟ್ಟ ಬೆರಳನ್ನು ಒಂದೊಂದಾಗಿ ನೋಡಿದ. ಬಿಳಿ ಬಟ್ಟೆ ಬಿಡಿಸಿ, ಬೂದಿ ಅಳಿಸದ ಹಾಗೆ ಹೆಗಲ ಮೇಲೆ ಇಳಿಬಿಟ್ಟ.

"ಏಟು ಮಾತ್ರ ಭಾರಿ ಏಟು ಅಂತಿದ್ರು," ಎಂದಳು ಶಂಕರಮ್ಮ.

ಅವನು ತಿರುಗಿದ. "ಯಾವಾಗಂದ?"

"ಓದೊರ್ಷ. ಕಳ್ಳೆಕಾಯಿ ಸುಲೀತಾ ಕುಂತಿದ್ರು."

ಗುರುಮಲ್ಲಪ್ಪ ಕೈಯಲ್ಲಿದ್ದ ಚೀಲವನ್ನು ಎಲ್ಲಿಡುವುದೆಂದು ಸುತ್ತ ನೋಡಿ, ದೇವರ ಗೂಡಿನ ಹತ್ತಿರ ಹೋದ. ಮೊಳೆಗೆ ದಾರ ಸಿಕ್ಕಿಸಿದ. ಆನೆ ಅವನನ್ನೇ ನೋಡುತ್ತಿತ್ತು. ಹೊರಟವನು ನಿಂತು, ಬೆರಳಿನಿಂದ ಚೀಲವನ್ನು ಅರ್ಧ ಸುತ್ತು ತಿರುಗಿಸಿ, ಹೊಗೆಗೆ ಕಪ್ಪಾದ ಗಿಣಿಯನ್ನು ಹೊರಗೆ ಮಾಡಿ ಬಂದ. ಪುಟ್ಟಬಸಪ್ಪ ಅದನ್ನು ನೋಡಿದ. ಎದ್ದು ಹೋಗಿ ಗುರುಮಲ್ಲಪ್ಪನ ಪಕ್ಕ ನಿಂತ.

ಎತ್ತುವ ಹೊತ್ತಾಯಿತು. ಕಾಲಿನ ಕಡೆಗೆ ಮಗ, ಒಂದು ತೋಳಿನ ಕಡೆಗೆ ಪುಟ್ಟಬಸಪ್ಪ, ಇನ್ನೊಂದು ಕಡೆಗೆ ಗುರುಮಲ್ಲಪ್ಪ. ನಾಗಯ್ಯ ಮೊಳೆಯಿಂದ ಹಣೆಯ ಪಟ್ಟಿ ಬಿಚ್ಚಿದ. ಹಿಡಿತ ತಪ್ಪಿದ ತಲೆ ಪಕ್ಕಕ್ಕೆ ವಾಲಿ ಗುರುಮಲ್ಲಪ್ಪನ ಹೆಗಲ ಮೇಲೆ ಬಿತ್ತು, ದಣಿದವನು ಒರಗಿದ ಹಾಗೆ. ಅವನು ಕದಲಲಿಲ್ಲ. ಹಾಗೇ ಹೆಗಲಲ್ಲಿ ತಾಳಿಕೊಂಡು, ಹೊರಗೆ ತಂದು, ವಿಮಾನದಲ್ಲಿ ಕೂರಿಸಿ, ಮೆಲ್ಲಗೆ ಬಿಡಿಸಿಕೊಂಡ. ಕರಿಯ ಕೋಟಿನ ಮೇಲೆ ಮೂರು ಬಿಳಿ ಗೆರೆ ಮೂಡಿದ್ದವು.

ಪುಟ್ಟಬಸಪ್ಪ ಅಭ್ಯಾಸಬಲದಿಂದ ಅದನ್ನು ಕೊಡವಲು ಕೈ ಎತ್ತಿದ. ಗುರುಮಲ್ಲಪ್ಪ ಹೆಗಲು ಹಿಂದಕ್ಕೆ ತಗೊಂಡ. ಆಮೇಲೆ ಇನ್ನೊಂದು ಹೆಗಲನ್ನು ಬಿದಿರಿಗೆ ಕೊಟ್ಟ.

*

ಮಣ್ಣು ಮುಗಿದು ಗುರುಮಲ್ಲಪ್ಪನ ಗಾಡಿ ಗೇಟಿನ ಹತ್ತಿರ ಬಂದಾಗ ಹೊತ್ತು ಮುಳುಗಿ ಇನ್ನೂ ಬೆಳಕಿತ್ತು. ಆ ಕಡೆಯಿಂದ ಹೆಂಡ ಬರಬಾರದು, ಈ ಕಡೆಯಿಂದ ಅಕ್ಕಿ ಹೋಗಬಾರದು ಎಂದು ಕಾಯುವ ಗೇಟು ಅದು. ಪೇದೆ ಕೊಯಮತ್ತೂರಿನ ಕಡೆಯವನು. ಬೆಳಗ್ಗೆ ಈ ಮನುಷ್ಯ ಗೇಟಿನ ಆಚೆ ಕಲ್ಲಿನ ಮೇಲೆ ಕೂತು, ಎದ್ದು, ಮತ್ತೆ ಕೂತದ್ದನ್ನು ಅವನು ನೋಡಿದ್ದ. ಗಾಡಿಯ ಹುಲ್ಲಿಗೆ ಕೋಲು ಚುಚ್ಚಿ ನೋಡಿದ. ಏನೂ ಸಿಗಲಿಲ್ಲ.

"ಏನ್ ಸಾಮಿ, ಏನ್ ಕೊಂಡೋಗ್ತೀರಿ?"

ಗುರುಮಲ್ಲಪ್ಪ ಎರಡೂ ಕೈ ಬಿಡಿಸಿ ತೋರಿಸಿದ. ಬರಿಗೈ. ಪೇದೆ ಗೇಟಿನ ಬಿದಿರನ್ನು ಎತ್ತಿದ. ಎತ್ತು ಹೆಜ್ಜೆ ಹಾಕುವಷ್ಟರಲ್ಲಿ ಅವನ ಕಣ್ಣು ಕೋಟಿನ ಮೇಲೆ ಬಿತ್ತು. ಹೆಗಲಲ್ಲಿ ಏನೋ ಧೂಳು, ಕೊಡವಿಕೊಳ್ಳಿ ಎಂದು ತನ್ನ ಹೆಗಲನ್ನು ತಟ್ಟಿ ತೋರಿಸಿದ.

ಗುರುಮಲ್ಲಪ್ಪ ಹೂಂಗುಟ್ಟಿದ. ಗಡಿಗಲ್ಲು ದಾಟಿದ ಮೇಲೆ ಬಯಲು, ಬಯಲಿನ ಆಚೆಯಿಂದ ಗಾಳಿ ಎದ್ದಿತ್ತು, ದಾರಿಯ ಮಣ್ಣು ಹಾರುತ್ತಿತ್ತು. ಅವನು ಎತ್ತಿನ ಹಗ್ಗವನ್ನು ಒಂದೇ ಕೈಗೆ ತಗೊಂಡ. ಇನ್ನೊಂದು ಕೈಯನ್ನು ಎತ್ತಿ, ಮೇಲಿನಿಂದ ಇಳಿಯುತ್ತಿರುವ ಚೆಂಡಿಗೆ ಒಡ್ಡುವಂತೆ ಅಂಗೈಯನ್ನು ಬಟ್ಟಲು ಮಾಡಿ, ಹೆಗಲಿನ ಮೇಲೆ ತಾಗಿಯೂ ತಾಗದ ಹಾಗೆ ಹಿಡಿದ. ಮಾಂಬಳ್ಳಿಯ ದೀಪಗಳು ಕಾಣುವವರೆಗೂ ಆ ಕೈಯನ್ನು ಇಳಿಸಲಿಲ್ಲ.